ಪೆನ್ಸಿಲ್ ಹಿಡಿಯದ ಎಡಗೈ

೧೯೯೯ರಲ್ಲಿ ನಾನು ಓಕ್ಲ್ಯಾಂಡಿನ ಒಂದು ಆಸ್ಪತ್ರೆಯಲ್ಲಿ ಸೀನಿಯರ್ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದೆ. ಈ ಹೆಸರು ಕೇಳಿದ ನಮ್ಮವರು ಎಷ್ಟೋ ಜನ, "ಹಾಗಾದ್ರೆ ನಮ್ಮ ತಮ್ಮನಿಗೊಂದು ಕೆಲಸ ಕೊಡಿಸಿ" ಅಂದದ್ದುಂಟು. ನಾವು ಕೆಲಸ ಕೊಡಿಸುವವರಲ್ಲ. ಪಾರ್ಶ್ವವಾಯು ಹೊಡೆದವರಿಗೆ, ಕೈ ಜಜ್ಜಿಕೊಂಡವರಿಗೆ ಗುಂಡಿ ಹಾಕುವುದು, ಚಮಚ ಹಿಡಿಯುವುದು, ಸಹಿ ಮಾಡುವುದು ಮುಂತಾದ ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವವರು.

ಕಂಪ್ಯೂಟರ್ ಕಂಪನಿಗಳ ಹಣ ಹರಿಯುತ್ತಿದ್ದ ಆ ವರ್ಷಗಳಲ್ಲಿ ಬೇ ಏರಿಯಾದಲ್ಲಿ, ಅಂದರೆ ಓಕ್ಲ್ಯಾಂಡಿನ ಸುತ್ತಮುತ್ತ ಇದ್ದವರು ಹೊಟ್ಟೆಕಿಚ್ಚಿಗೆ ಕಾರಣ ಹುಡುಕಿಕೊಂಡು ಹೋಗಬೇಕಿರಲಿಲ್ಲ. ಯುಗಾದಿ ಊಟಕ್ಕೆ ಕೂತರೆ ಒಂದು ಪಕ್ಕದವರು ದುಬಾರಿ ಸರಟೋಗಾದಲ್ಲಿ ಮನೆ ನೋಡುತ್ತಿದ್ದರು, ಇನ್ನೊಂದು ಪಕ್ಕದವರ ಸ್ಟಾರ್ಟಪ್ಪು ಷೇರು ಮಾರುಕಟ್ಟೆಗೆ ಹೊರಟಿರುತ್ತಿತ್ತು. "ನಿಮ್ಮ ಆಸ್ಪತ್ರೇಲಿ ಸಂಬಳದ ಜೊತೆ ಸ್ಟಾಕ್ ಆಪ್ಷನ್ಸು, ಷೇರು ಗೀರು ಕೊಡಲ್ವಾ?" ಎಂದು ಹೋಳಿಗೆ ಬಡಿಸುತ್ತ ಒಬ್ಬಾಕೆ ಕೇಳಿದ್ದಳು. ನಾನು ಮಂಡ್ಯದವಳು, ಮುಚ್ಚಿಟ್ಟುಕೊಳ್ಳುವ ಅಭ್ಯಾಸ ಕಡಿಮೆ. ಮೈ ಉರಿದುಹೋಯಿತು. ಆದರೂ ಅದೆಲ್ಲ ಊಟ ಮುಗಿದು ಕಾರು ಹತ್ತುವಷ್ಟರಲ್ಲಿ ಆರಿಹೋಗುವ ಬೆಂಕಿ. ನಸ್ರೀನ್ ಹಚ್ಚಿದ ಬೆಂಕಿ ಹಾಗಿರಲಿಲ್ಲ.

ನಸ್ರೀನ್ ಮೈಸೂರಿನವಳು. ನನ್ನದೇ ವೃತ್ತಿ, ನನಗಿಂತ ಹತ್ತಾರು ವರ್ಷ ಚಿಕ್ಕವಳು. ನಮ್ಮ ಆಸ್ಪತ್ರೆಗೆ ಸೇರಿ ಎರಡು ತಿಂಗಳಾಗಿರಲಿಲ್ಲ, ರೋಗಿಗಳು ಅವಳಿಗೆ ಮನೆಯಿಂದ ಕೇಕು ಮಾಡಿಕೊಂಡು ಬರತೊಡಗಿದರು. ನನಗೆ ಅಲ್ಲಿನ ಅಷ್ಟು ವರ್ಷಗಳ ಸರ್ವೀಸಿನಲ್ಲಿ ಯಾರೂ ಒಂದು ಬಿಸ್ಕತ್ತನ್ನೂ ತಂದವರಲ್ಲ. ಅವಳ ಟೇಬಲ್ಲಿನ ಸುತ್ತ ಸದಾ ನಗು. ನನ್ನ ಟೇಬಲ್ಲಿನಲ್ಲಿ ಕೆಲಸ. ಅವಳು ನನ್ನನ್ನು ಬಾಯ್ತುಂಬ "ಜಯಕ್ಕ" ಅನ್ನುತ್ತಿದ್ದಳು. ಅದೂ ಉರಿಯುತ್ತಿತ್ತು. ಕೆಟ್ಟವಳಾಗಿದ್ದರೆ ದ್ವೇಷಿಸಲಾದರೂ ಸುಲಭವಾಗುತ್ತಿತ್ತು.

ಆ ವಸಂತದಲ್ಲಿ ನನಗೆ ಬಂದ ರೋಗಿ ಮಾರಿಸ್. ವಯಸ್ಸು ಅರವತ್ತನಾಲ್ಕು, ಹೈಸ್ಕೂಲಿನ ಗಣಿತದ ಮೇಷ್ಟ್ರು. ಸ್ಟ್ರೋಕ್ ಆಗಿ ಬಲಗೈ ಬಹಳ ಮಟ್ಟಿಗೆ ಬಿದ್ದುಹೋಗಿತ್ತು. ಮಾತು, ಬುದ್ಧಿ, ಹಟ ಮೂರೂ ಚೆನ್ನಾಗಿದ್ದವು. ಇಂಥವರಿಗೆ ನಾವು ಎರಡು ದಾರಿಯಲ್ಲಿ ಕೆಲಸ ಮಾಡುತ್ತೇವೆ. ಒಂದು ಕಡೆ ಬಲಗೈಯನ್ನು ಎಬ್ಬಿಸುವುದು, ಇನ್ನೊಂದು ಕಡೆ ಎಡಗೈಗೆ ಬರೆಯುವುದನ್ನು ಕಲಿಸುವುದು. ಬಲಗೈಯ ವ್ಯಾಯಾಮವನ್ನು ಅವರು ಬೆವರು ಸುರಿಸಿ ಮಾಡುತ್ತಿದ್ದರು. ಎಡಗೈಯಲ್ಲಿ ಊಟ ಮಾಡುತ್ತಿದ್ದರು, ಬೀಗ ತೆಗೆಯುತ್ತಿದ್ದರು, ನಾಣ್ಯ ಆರಿಸುತ್ತಿದ್ದರು. ಪೆನ್ಸಿಲ್ ಕೊಟ್ಟರೆ ಮಾತ್ರ ಆ ಕೈ ಅದನ್ನು ಟೇಬಲ್ಲಿನ ಮೇಲೆ ಬಿಟ್ಟುಬಿಡುತ್ತಿತ್ತು.

ನಾನು ಎಲ್ಲ ಪರೀಕ್ಷೆ ಮಾಡಿದೆ. ದೃಷ್ಟಿ ಸರಿಯಿತ್ತು, ಸ್ಪರ್ಶ ಸರಿಯಿತ್ತು. ಅಪ್ರಾಕ್ಸಿಯಾ, ಅಂದರೆ ಶಕ್ತಿ ಇದ್ದೂ ಕೆಲಸದ ಕ್ರಮವನ್ನೇ ಮಿದುಳು ಮರೆಯುವ ತೊಂದರೆ, ಅದೂ ಇರಲಿಲ್ಲ. ದಪ್ಪ ಪೆನ್ಸಿಲ್, ರಬ್ಬರು ಸುತ್ತಿದ ಪೆನ್ಸಿಲ್, ಮಾರ್ಕರು ಎಲ್ಲ ಕೊಟ್ಟು ನೋಡಿದೆ. ಬೆಳಗಿನ ಸೆಷನ್ನಿಗೆ ಬರುವಾಗ ಅವರ ಎಡ ಮುಂಗೈ ಮೇಲೆ ಸುತ್ತುಸುತ್ತಾಗಿ ಪಟ್ಟಿ ಬಿಗಿದ ಗುರುತು ಇರುತ್ತಿತ್ತು. ಏನೆಂದು ಕೇಳಿದೆ. "ಪ್ರಾರ್ಥನೆಯದು," ಅಂದರು. ನಾನು ಅಲ್ಲಿಗೇ ಬಿಟ್ಟೆ. ರೋಗಿಯ ಧರ್ಮವನ್ನು ಕೆದಕಬಾರದು ಎಂದು ನಮಗೆ ಟ್ರೈನಿಂಗಿನಲ್ಲೇ ಹೇಳಿರುತ್ತಾರೆ. ಇವತ್ತಿಗೂ ನಾನು ಮಾಡಿದ್ದು ಸರಿ ಎಂದೇ ನನ್ನ ವಾದ.

ನಮ್ಮ ಸೂಪರ್‌ವೈಸರ್ ಕ್ಯಾರಲ್ ಎಂಬಾಕೆ ಫೈಲು ನೋಡಿ ತಲೆಯಾಡಿಸಿದಳು. ಮುಂದಿನ ರಿವ್ಯೂ ಹೊತ್ತಿಗೆ ಬರವಣಿಗೆಯಲ್ಲಿ ಪ್ರಗತಿ ಕಾಣದಿದ್ದರೆ ಇನ್ಶೂರೆನ್ಸಿನವರು ಥೆರಪಿಗೆ ಹಣ ಕೊಡುವುದನ್ನು ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಎಡಗೈ ಬರಹ ಹೋಗಲಿ, ಆಗಷ್ಟೇ ಬೆರಳು ಅಲುಗಿಸತೊಡಗಿದ್ದ ಬಲಗೈಯೂ ಅರ್ಧದಲ್ಲೇ ಉಳಿಯುತ್ತದೆ. ಅಷ್ಟರಲ್ಲಿ ನನಗೆ ಫ್ಲೂ ಬಂತು. ಎರಡು ದಿನ ರಜೆ ಹಾಕಿದೆ. ಮಾರಿಸ್ ಅವರನ್ನು ನಸ್ರೀನ್ ನೋಡಿಕೊಂಡಳು.

ಮೂರನೆಯ ದಿನ ನಾನು ಕೋಟು ಬಿಚ್ಚುವ ಮೊದಲೇ ಅವಳು ಓಡಿಬಂದಳು.

"ಜಯಕ್ಕ, ಅವ್ರಿಗೆ ಬರಿಯಕ್ಕೆ ಆಗಲ್ಲ ಅಂತಲ್ಲ. ಬರಿಯಕ್ಕೆ ಭಯ!"

"ನಿಂಗ್ಯಾರ್ ಹೇಳಿದ್ರು?"

"ಅವ್ರೇ. ಕೈ ಮೇಲೆ ಏನ್ ಗುರುತು ಅಂದೆ, ಪ್ರೇಯರ್ ಅಂದ್ರು. ಹೇಗ್ ಮಾಡ್ತೀರಾ ತೋರ್ಸಿ ಅಂದೆ. ಅರ್ಧ ಗಂಟೆ ಹೇಳಿದ್ರು."

ವಾರಗಟ್ಟಲೆ ಆ ಕೈಯನ್ನು ಹಿಡಿದು ತಿದ್ದಿದವಳು ನಾನು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಅನ್ನುತ್ತಾರಲ್ಲ, ಹಾಗೆ. ಆದರೂ ಕಿವಿ ಕೊಟ್ಟು ಕೇಳಿದೆ.

ಮಾರಿಸ್ ಯೆಹೂದ್ಯರು. ಅವರಲ್ಲಿ ತೆಫಿಲಿನ್ ಎಂಬ ವಿಧಿಯಿದೆ. ಎರಡು ಸಣ್ಣ ಕಪ್ಪು ಚರ್ಮದ ಪೆಟ್ಟಿಗೆಗಳು, ಒಳಗೆ ಕೈಬರಹದ ಶಾಸ್ತ್ರವಾಕ್ಯಗಳು, ಕಟ್ಟಿಕೊಳ್ಳಲು ಕಪ್ಪು ಚರ್ಮದ ಪಟ್ಟಿ. ಶನಿವಾರದ ವಿಶ್ರಾಂತಿ ದಿನವಾದ ಸಬ್ಬತ್ ಮತ್ತು ಹಬ್ಬಗಳನ್ನು ಬಿಟ್ಟು ಉಳಿದ ದಿನ ಬೆಳಗಿನ ಪ್ರಾರ್ಥನೆಯಲ್ಲಿ ಒಂದನ್ನು ತೋಳಿಗೆ, ಹೃದಯದ ಕಡೆ ವಾಲುವಂತೆ ಕಟ್ಟಿ ಪಟ್ಟಿಯನ್ನು ಮುಂಗೈಗೆ ಏಳು ಸುತ್ತು ಸುತ್ತುತ್ತಾರೆ. ಇನ್ನೊಂದು ತಲೆಗೆ. ಚರ್ಮಕ್ಕೂ ಪಟ್ಟಿಗೂ ನಡುವೆ ಏನೂ ಇರಕೂಡದು, ವಾಚು ಕೂಡ ಬಿಚ್ಚುತ್ತಾರೆ. ತೋಳಿನದು ಕಟ್ಟಿದ ಮೇಲೆ ತಲೆಯದು ಕಟ್ಟುವವರೆಗೆ ಮಾತಾಡಕೂಡದು. ಮುಖ್ಯ ಸಂಗತಿ ಏನೆಂದರೆ, ಕಟ್ಟುವುದು ದುರ್ಬಲ ಕೈಗೆ. ಬಲಗೈಯಲ್ಲಿ ಬರೆಯುವವರು ಎಡಗೈಗೆ, ಎಡಚರು ಬಲಗೈಗೆ.

ಮಾರಿಸ್ ಹದಿಮೂರನೆಯ ವಯಸ್ಸಿನಿಂದ ಎಡಗೈಗೆ ಕಟ್ಟಿಕೊಂಡು ಬಂದವರು. ಎಡಗೈಯಲ್ಲಿ ಬರೆಯಲು ಕಲಿತರೆ ತಾನು ಎಡಚನೆಂದಾಗಿ, ತೆಫಿಲಿನ್ ಬಲಗೈಗೆ ಹೋಗಿಬಿಡುತ್ತದೆ ಎಂಬುದು ಅವರ ಭಯ.

"ನಮ್ಮಲ್ಲೂ ಬಲಗೈ ಎಡಗೈ ಅಂತ ಎಷ್ಟ್ ನೋಡ್ತಾರೆ, ಅದಕ್ಕೇ ನಂಗೆ ಹೊಳೀತೇನೋ," ಅಂದಳು ನಸ್ರೀನ್.

ಎಡಗೈಯಲ್ಲಿ ಪ್ರಸಾದ ಇಸಕೊಂಡಿದ್ದಕ್ಕೆ ಅಜ್ಜಿಯ ಕೈಲಿ ಏಟು ತಿಂದವಳು ನಾನು. ನನಗೆ ಯಾಕೆ ಹೊಳೆಯಲಿಲ್ಲ? ಅಯ್ಯೋ, ಅದೇ ನನ್ನ ಸಂಕಟ.

ಕ್ಯಾರಲ್ ಸುದ್ದಿ ಕೇಳಿ, ಕೇಸನ್ನು ನಸ್ರೀನ್‌ಗೆ ವರ್ಗಾಯಿಸೋಣವೇ ಎಂದು ಸಿಹಿಯಾಗಿ ಕೇಳಿದಳು. ನಾನು ಆಗುವುದಿಲ್ಲ ಅಂದೆ. "ಮಾತು ಅವಳಿಗೆ ಸಿಕ್ಕಿರಬಹುದು. ಕೈ ನನ್ನದು."

ಅವತ್ತು ಮಾರಿಸ್ ಎದುರು ಕೂತು ನೇರವಾಗಿ ಕೇಳಿದೆ. ಬಲಗೈ ಕೆಲಸ ಮಾಡದ ಮೇಲೆ ಈಗ ಯಾರು ಕಟ್ಟುತ್ತಿದ್ದಾರೆ? ಹೆಂಡತಿಯ ತಮ್ಮನಂತೆ. ಅವರ ಸಂಪ್ರದಾಯದಲ್ಲಿ ಗಂಡಸೇ ಕಟ್ಟಬೇಕು. ಆತ ನಾಯಿಗಳ ಬಟ್ಟೆ ಮಾರುವ ಯಾವುದೋ ವೆಬ್‌ಸೈಟಿನಲ್ಲಿ ಇಂಜಿನಿಯರು. ಆಫೀಸಿಗೆ ಹೋಗುವ ದಾರಿಯಲ್ಲಿ ಬಂದು ಕಟ್ಟುತ್ತಾನೆ. ತೋಳಿನದು ಮುಗಿದು ತಲೆಯದು ಶುರುವಾಗುವ ಹೊತ್ತಿಗೆ ಸರಿಯಾಗಿ ಅವನ ಪೇಜರ್ ಕಿರುಚುತ್ತದೆ, ಇವರು ಬೈಯುವ ಹಾಗೂ ಇಲ್ಲ.

"ಅವನ ಷೇರುಗಳ ಮೇಲೆ ನನಗೆ ಆಸೆಯಿಲ್ಲ," ಅಂದರು ಮಾರಿಸ್. "ಅವನ ಬಲಗೈ ನೋಡಿದರೆ ಹೊಟ್ಟೆ ಉರಿಯುತ್ತದೆ. ಯೋಚನೆಯೇ ಇಲ್ಲದೆ ಸುತ್ತುತ್ತಾನೆ."

ಆ ಉರಿ ನನಗೆ ಚೆನ್ನಾಗಿ ಗೊತ್ತಿತ್ತು. ಆ ಮನುಷ್ಯ ನನಗೆ ಮೊದಲ ಸಲ ಇಷ್ಟವಾದದ್ದು ಆಗ.

ನಾನು ಲೆಕ್ಕದ ಮಾತಾಡಿದೆ. "ಬಲಗೈಗೆ ಬದಲಾಯಿಸಿದರೆ ನಿಮಗೇ ಅನುಕೂಲ. ಎಡಗೈ ಚೆನ್ನಾಗಿದೆ, ನೀವೇ ಕಟ್ಟಿಕೊಳ್ಳಬಹುದು. ಅವನ ಹಂಗೂ ಬೇಡ."

ಅವರು ಎಡಗೈಯಿಂದ ಬಲಗೈಯನ್ನು ಮುಚ್ಚಿಕೊಂಡರು. "ದುರ್ಬಲ ಕೈಗೆ ಕಟ್ಟಬೇಕು ಎಂದು ನಿಯಮ. ಬಲಗೈಗೆ ಕಟ್ಟಿದ ದಿನ ಇದು ಇನ್ನು ಏಳುವುದಿಲ್ಲ ಎಂದು ನಾನೇ ದೇವರ ಮುಂದೆ ಒಪ್ಪಿಕೊಂಡ ಹಾಗೆ."

"ನಿಮ್ಮ ರಬ್ಬಿಯನ್ನು ಕೇಳಿದಿರಾ?" ರಬ್ಬಿ ಅಂದರೆ ಅವರ ಧರ್ಮಗುರು, ಇಂಥ ಪ್ರಶ್ನೆಗಳಿಗೆ ತೀರ್ಪು ಕೊಡುವವರು.

"ಕೇಳಿದರೆ ಪಾಲಿಸಬೇಕಾಗುತ್ತದೆ."

ನಸ್ರೀನ್ ಆಗಿದ್ದರೆ ಕೈ ಹಿಡಿದು ಸಮಾಧಾನ ಹೇಳುತ್ತಿದ್ದಳು. ನಾನು ಹೇಳಿದ್ದು ಇಷ್ಟೇ: "ಕೇಳದಿದ್ದರೆ ರಿವ್ಯೂ ಆದ ಮೇಲೆ ಥೆರಪಿ ನಿಲ್ಲುತ್ತದೆ. ಆಗ ಬಲಗೈ ನಿಜವಾಗಿಯೂ ಏಳುವುದಿಲ್ಲ. ಯಾವುದು ಬೇಕೋ ನೀವೇ ಆರಿಸಿಕೊಳ್ಳಿ." ಅವರು ಮುಖ ಕೆಂಪು ಮಾಡಿಕೊಂಡು ಎದ್ದುಹೋದರು. ನಸ್ರೀನ್ ದೂರದಿಂದ ನೋಡಿ, "ಏನ್ ಜಯಕ್ಕ, ಇಷ್ಟ್ ಖಾರ!" ಅಂದಳು.

ಎರಡು ದಿನಗಳ ಮೇಲೆ ಆಸ್ಪತ್ರೆಗೆ ಒಂದು ಫೋನು ಬಂತು. ಮಾರಿಸ್ ಅವರ ರಬ್ಬಿ. ರೋಗಿಯ ಒಪ್ಪಿಗೆ ಪಡೆದೇ ಮಾತಾಡುತ್ತಿದ್ದರು. ಡೆಸ್ಕಿನವಳು "ನಸ್ರೀನ್‌ಗಾ?" ಎಂದು ಕೇಳಿದ್ದು ನನಗೆ ಕೇಳಿಸಿತು. ಅಲ್ಲ, ಜಯಂತಿಯೇ ಬೇಕಂತೆ.

ರಬ್ಬಿಯ ದನಿ ಎಳೆಯದಾಗಿತ್ತು, ಪ್ರಶ್ನೆ ಮಾತ್ರ ಹರಿತ. "ಅವರ ಬಲಗೈ ಮುಗಿದಿದೆಯೋ, ಮುಗಿದಿಲ್ಲವೋ? ನನ್ನ ತೀರ್ಪು ನಿಮ್ಮ ಉತ್ತರದ ಮೇಲೆ ನಿಂತಿದೆ. ಪ್ರೀತಿಯ ಉತ್ತರ ಬೇಡ."

ಅಷ್ಟು ವರ್ಷಗಳಲ್ಲಿ ಡಾಕ್ಟರಿಗೆ, ಇನ್ಶೂರೆನ್ಸಿಗೆ, ಮನೆಯವರಿಗೆ ಎಷ್ಟೋ ಅಭಿಪ್ರಾಯ ಬರೆದುಕೊಟ್ಟಿದ್ದೆ. ಒಬ್ಬ ಮನುಷ್ಯ ದೇವರ ಎದುರು ಯಾವ ಕೈ ಚಾಚಬೇಕು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಪೂರ್ತಿ ಸರಿಹೋಗುತ್ತದೆ ಎಂದುಬಿಟ್ಟರೆ ಎಲ್ಲರಿಗೂ ಸಂತೋಷ. ಆದರೆ ಅದು ಸುಳ್ಳು.

"ಮೊದಲಿನ ಹಾಗೆ ಬೋರ್ಡಿನ ಮೇಲೆ ಬರೆಯುತ್ತಾರೆಂದು ನಾನು ಹೇಳಲಾರೆ. ಬಹುಶಃ ಬರೆಯಲಾರರು. ಆದರೆ ಹೆಬ್ಬೆರಳು ತೋರುಬೆರಳಿಗೆ ತಾಗುತ್ತಿದೆ, ಹೋದ ತಿಂಗಳು ತಾಗುತ್ತಿರಲಿಲ್ಲ. ಚೇತರಿಕೆ ನಡೆಯುತ್ತಿದೆ. ಮುಗಿದಿಲ್ಲ."

"ಪ್ರಮಾಣವಾಗಿ?"

"ಮುಗಿದಿದ್ದರೆ ಮುಗಿದಿದೆ ಅನ್ನುತ್ತಿದ್ದೆ."

ಆಮೇಲೆ ಅವರು ತೀರ್ಪು ಹೇಳಿದರು. ಚಿಕಿತ್ಸೆ ನಡೆಯುತ್ತಿದ್ದು ಭರವಸೆ ಇರುವವರೆಗೆ ಮಾರಿಸ್ ಬಲಗೈಯವರೇ. ಎಡಗೈಯ ಬರಹ ತಾತ್ಕಾಲಿಕ ನೆರವು, ಅಷ್ಟೇ. ತೆಫಿಲಿನ್ ಎಡಗೈ ಮೇಲೇ ಇರಲಿ. ಚಿಕಿತ್ಸೆ ಮುಗಿದ ಮೇಲೆ ಮತ್ತೆ ಕೇಳಲಿ. ಬೇರೆಯವರ ವಿಷಯದಲ್ಲಿ ಬೇರೆ ಪಂಡಿತರು ಬೇರೆ ಮಾತು ಹೇಳಬಹುದು, ಇದು ಇವರೊಬ್ಬರಿಗೆ ಹೇಳಿದ್ದು ಎಂದೂ ಎಚ್ಚರಿಸಿದರು.

ಮರುದಿನ ಮಾರಿಸ್ ಬಂದು ಕೂತರು. ನಾನು ಏನೂ ಹೇಳುವ ಮೊದಲೇ ಎಡಗೈಯಲ್ಲಿ ಪೆನ್ಸಿಲ್ ಎತ್ತಿಕೊಂಡು ಒಂದು ತ್ರಿಕೋನ ಬರೆದು, ಮೂರು ಮೂಲೆಗೂ ಅಕ್ಷರ ಹಾಕಿದರು. ಗೆರೆಗಳು ಸೊಟ್ಟಗಿದ್ದವು, ಅಕ್ಷರಗಳನ್ನು ಓದಬಹುದಿತ್ತು. ಬಲಗೈಗೆ ನಾನು ಹೊಸ ವ್ಯಾಯಾಮ ಕೊಟ್ಟೆ. ರಬ್ಬರ್ ಚೆಂಡು ಹಿಸುಕುವುದು ಬಿಟ್ಟು, ಒಂದು ಸಾಮಾನ್ಯ ಚರ್ಮದ ಪಟ್ಟಿಯನ್ನು ಎಡ ಮುಂಗೈಗೆ ಸುತ್ತುವುದು. ಪವಿತ್ರವಾದದ್ದನ್ನು ಅಭ್ಯಾಸಕ್ಕೆ ತರುವುದು ಬೇಡವೆಂದು ಅದನ್ನು ನಾನೇ ಒಂದು ಅಂಗಡಿಯಿಂದ ತಂದಿದ್ದೆ. ಮೊದಮೊದಲು ಪಟ್ಟಿ ಸಡಿಲವಾಗಿ ಮಣಿಕಟ್ಟಿಗೆ ಜಾರುತ್ತಿತ್ತು. ಅವರು ಬೈದುಕೊಳ್ಳುತ್ತಿದ್ದರು, ನಾನು ಮತ್ತೆ ಸುತ್ತಿಸುತ್ತಿದ್ದೆ.

ರಿವ್ಯೂ ದಾಟಿತು, ಥೆರಪಿ ಮುಂದುವರಿಯಿತು. ಆ ಬೇಸಿಗೆಯ ಕೊನೆಯಲ್ಲಿ ಒಂದು ಸೋಮವಾರ ಮಾರಿಸ್ ಬಂದು, "ಇವತ್ತು ಹೆಂಡತಿಯ ತಮ್ಮನಿಗೆ ಬರಬೇಡ ಅಂದೆ," ಅಂದರು. ತಾವೇ ಸುತ್ತಿಕೊಂಡರಂತೆ, ತುಂಬ ಹೊತ್ತು ಹಿಡಿಯಿತಂತೆ, ಎರಡು ಸಲ ಬಿಚ್ಚಿಹೋಯಿತಂತೆ, ಆದರೂ ಯಾರ ಕೈಯೂ ತಾಗಲಿಲ್ಲವಂತೆ. ನಾನು ಕಣ್ಣೊರೆಸಿಕೊಂಡೆ, ಅದರಲ್ಲಿ ನಾಚಿಕೆ ಏನು.

ಅಷ್ಟು ದಿನ ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಆಗ ಕೇಳಿದೆ. "ಮನಸ್ಸು ಬಿಚ್ಚಿದ್ದು ನಸ್ರೀನ್ ಹತ್ತಿರ. ರಬ್ಬಿಗೆ ನನ್ನ ಹೆಸರು ಯಾಕೆ ಕೊಟ್ಟಿರಿ?"

ನಸ್ರೀನ್ ಪಕ್ಕದ ಟೇಬಲ್ಲಿನಲ್ಲೇ ಇದ್ದಳು. ಮಾರಿಸ್ ಅವಳತ್ತ ನೋಡಿ ನಕ್ಕರು. "ಅವಳು ನನ್ನ ಮುಖ ನೋಡಿದರೆ ಖಂಡಿತ ಹೌದು ಅನ್ನುತ್ತಿದ್ದಳು. ನೀವು ಯಾರ ಮುಖವನ್ನೂ ನೋಡುವವರಲ್ಲ. ನೀವು ಮುಗಿದಿಲ್ಲ ಅಂದರೆ ಮುಗಿದಿಲ್ಲ. ನಂಬಿ ಕಟ್ಟಿಕೊಳ್ಳಬಹುದು ಅನ್ನಿಸಿತು."

ಅವರು ಹೋದ ಮೇಲೆ ನಸ್ರೀನ್ ಕುರ್ಚಿ ಎಳೆದುಕೊಂಡು ನನ್ನ ಹತ್ತಿರ ಕೂತಳು. ಮುಖ ಸಣ್ಣದಾಗಿತ್ತು.

"ಜಯಕ್ಕ, ಒಂದ್ ಮಾತ್ ಹೇಳ್ಲಾ? ನಂಗೆ ಯಾರೂ ಹಾಗ್ ಹೇಳಿಲ್ಲ. ನಿಮ್ಮನ್ನ ನೋಡಿ ಹೊಟ್ಟೆ ಉರೀತಿದೆ ಕಣಕ್ಕ."

"ಉರೀಲಿ ಬಿಡು," ಅಂದೆ. "ನಂಗೆ ನೀನ್ ಬಂದಾಗಿಂದ ಉರೀತಿದೆ."

ಇಬ್ಬರೂ ನಕ್ಕೆವು. ಉರಿ ಹೋಯಿತೆಂದಲ್ಲ, ನಾನು ನಿವೃತ್ತಳಾಗುವವರೆಗೂ ಇತ್ತು. ಆದರೆ ಆ ದಿನದಿಂದ ಹಟ ಹಿಡಿದ ರೋಗಿ ಬಂದರೆ ನಾನೇ ಮೊದಲು ಅವಳ ಟೇಬಲ್ಲಿಗೆ ಕಳಿಸುತ್ತಿದ್ದೆ. ಕೆಟ್ಟ ಸುದ್ದಿ ಹೇಳಬೇಕಾದಾಗ ಅವಳು ನನ್ನನ್ನು ಕರೆಯುತ್ತಿದ್ದಳು. ರೋಗಿಗೆ ಮನಸ್ಸು ಬಿಚ್ಚಲು ಒಬ್ಬರು ಬೇಕು, ನಂಬಲು ಒಬ್ಬರು ಬೇಕು. ಎರಡೂ ನಾನೇ ಆಗಬೇಕು ಎಂಬ ಆಸೆಯೇ ಹೊಟ್ಟೆಕಿಚ್ಚು ಎಂದು ಈ ವೃತ್ತಿ ನನಗೆ ಕಲಿಸಿತು. ಎರಡರಲ್ಲಿ ಒಂದು ನಾನಾಗಿದ್ದೆ, ಸಾಕು.