ಮೋಟಾರಿಗೆ ಕಾಲು ಉದ್ದ, ಇಸೊಯೊಗೆ ತಾಳ್ಮೆ ಗಿಡ್ಡ

ಒಗುಶಿ ದ್ವೀಪದಲ್ಲಿ ಇಸೊಯೊಳಷ್ಟು ಗಿಡ್ಡ ಹೆಂಗಸು ಇನ್ನೊಬ್ಬಳಿರಲಿಲ್ಲ. ಅವಳು ದೋಣಿಯಲ್ಲಿ ಕೂತರೆ ಖಾಲಿ ದೋಣಿಯೊಂದು ತಾನಾಗಿಯೇ ಕೆಲಸಕ್ಕೆ ಹೊರಟಂತೆ ಕಾಣುತ್ತದೆ ಎಂದು ದಡದವರು ನಗುತ್ತಿದ್ದರು. ಅದಕ್ಕೇ ಅವಳು ಕೂರುತ್ತಿರಲಿಲ್ಲ. ಐವತ್ತೆಂಟು ವರ್ಷ ನಿಂತುಕೊಂಡೇ ಹುಟ್ಟು ಹಾಕಿದಳು. ದೇವರು ಎತ್ತರದಲ್ಲಿ ಉಳಿಸಿದ್ದನ್ನೆಲ್ಲ ಗಂಟಲಿಗೆ ಸುರಿದಿದ್ದ. ಅವಳು ಒಮ್ಮೆ ಗಂಡ ತೊರಾಕಿಚಿಯನ್ನು ಊಟಕ್ಕೆ ಕೂಗಿದಾಗ ಎದುರು ದ್ವೀಪದ ನಾಲ್ವರು ಗಂಡಸರು ಬಲೆ ಬಿಟ್ಟು ಮನೆಗೆ ಓಡಿದ್ದರಂತೆ.

ಎಪ್ಪತ್ತಾರು ತುಂಬಿದ ಚಳಿಗಾಲದಲ್ಲಿ ಅವಳ ಬಲಭುಜ ಹಿಡಿದುಕೊಂಡಿತು. ಹುಟ್ಟು ಹಾಗಿರಲಿ, ಬೆನ್ನು ತುರಿಸಿಕೊಳ್ಳುವುದಕ್ಕೂ ಬಾಗಿಲ ಚೌಕಟ್ಟೇ ಗತಿಯಾಯಿತು. ಅದೇ ಹೊತ್ತಿಗೆ ಹಿಜಿಕಿ ಕೊಯ್ಲಿನ ದಿನ ಹತ್ತಿರವಾಗುತ್ತಿತ್ತು.

ಹಿಜಿಕಿ ಎಂದರೆ ಬಂಡೆಗಳ ಮೇಲೆ ಬೆಳೆಯುವ ಕಪ್ಪು ಕಡಲಸೊಪ್ಪು. ವಸಂತದಲ್ಲಿ ಸಮುದ್ರ ತೀರಾ ಕೆಳಗಿಳಿಯುವ ದಿನ ಬೆಳಿಗ್ಗೆ ಬಂದರಿನಲ್ಲಿ ಮೊದಲ ಸೈರನ್ ಕೂಗಿದರೆ ದೋಣಿಗಳು ಹೊರಡಬೇಕು. ಅರ್ಧ ಗಂಟೆಯ ಮೇಲೆ ಎರಡನೆಯ ಸೈರನ್ ಆದರೆ ಕುಡುಗೋಲು ಹಚ್ಚಬೇಕು. ಆ ಹೊತ್ತಿಗೆ ತನ್ನ ದೋಣಿಯನ್ನು ತಾನೇ ನಡೆಸಿಕೊಂಡು ತನ್ನ ಬಂಡೆ ಮುಟ್ಟದವರ ಬಂಡೆ ಬೇರೆ ಮನೆಗೆ ಹೋಗುತ್ತದೆ. ಅವರಿಗೆ ದಡದ ಮೇಲೆ ಸೊಪ್ಪು ಬೇಯಿಸುವ ಹಂಡೆಯ ಕೆಲಸ. ಅದೇನೂ ಅವಮಾನವಲ್ಲ. ಬೆಂಕಿ ಬೆಚ್ಚಗಿರುತ್ತದೆ, ಟೀ ಇರುತ್ತದೆ, ಊರ ಸುದ್ದಿ ಬೇಕಾದಷ್ಟು. ಆದರೆ ಹಂಡೆಗೆ ಹೋದವರು ಮತ್ತೆ ಬಂಡೆಗೆ ಬಂದದ್ದನ್ನು ಯಾರೂ ನೋಡಿರಲಿಲ್ಲ.

ಕೊಯ್ಲಿಗೆ ನಾಲ್ಕು ದಿನ ಇದ್ದಾಗ ಮೀನುಗಾರರ ಸಂಘದ ಯಜಮಾನ ಹಮಾಸಾಕಿ ಅವಳ ಅಂಗಳಕ್ಕೆ ಬಂದು ಟೋಪಿ ತೆಗೆದು ನಿಂತ.

"ಅಜ್ಜೀ, ಈ ವರ್ಷ ಹಂಡೆ ಕಡೆ ಬಂದ್ಬಿಡಿ. ಕುರ್ಚಿ ಹಾಕಿಸ್ತೀನಿ. ಮೇಲೆ ದಿಂಬು ಕೂಡ."

"ನಿಂಗೆ ಮೂಗು ಸೀಟೋದು ಕಲಿಸಿದ್ದು ಯಾರು?"

"ನೀವೇ."

"ಅದೇ ಮೂಗನ್ನ ಈಗ ನನ್ನ ವಿಷಯಕ್ಕೆ ತೂರಿಸ್ಬೇಡ. ಹಂಡೆ ಮುಂದೆ ಕೂತ್ರೆ ಸೊಪ್ಪಿನ ಜೊತೆ ನನ್ನೂ ಬೇಯ್ಸಿ ಒಣಗಿಸಿಬಿಡ್ತೀರಿ. ನಾನು ಆಕಳನಾಲಿಗೆಗೆ ಹೋಗ್ತೀನಿ."

ಆಕಳನಾಲಿಗೆ ಅವಳ ಬಂಡೆ. ಮುದಿ ಆಕಳೊಂದು ಸಮುದ್ರದ ರುಚಿ ನೋಡುತ್ತಿರುವಂತೆ ಚಾಚಿಕೊಂಡಿರುವ ಕಲ್ಲು. ಸುತ್ತ ಮೊಣಕಾಲು ಮುಳುಗುವಷ್ಟೇ ನೀರು.

ಹಮಾಸಾಕಿ ಅತ್ತ ಹೋದಮೇಲೆ ಅವಳು ಕೊಟ್ಟಿಗೆ ತೆರೆದು, ಹನ್ನೊಂದು ವರ್ಷದಿಂದ ರಜಾಯಿ ಹೊದ್ದು ಮಲಗಿದ್ದ ತೊರಾಕಿಚಿಯ ಔಟ್‌ಬೋರ್ಡ್ ಮೋಟಾರನ್ನು, ದೋಣಿಯ ಹಿಂದೆ ಸಿಕ್ಕಿಸುವಂಥದ್ದನ್ನು, ಎಬ್ಬಿಸಿದಳು. ಗಂಡ ಹೋದಮೇಲೆ ಅವನ ದೊಡ್ಡ ದೋಣಿ ಮಾರಿದ್ದಳು, ಮೋಟಾರು ಮಾರಿರಲಿಲ್ಲ. ಯಾಕೆಂದು ಕೇಳಿದವರಿಗೆ "ಅದು ಗೊರಕೆ ಹೊಡೆಯೋದಿಲ್ಲ, ಇರ್ಲಿ" ಎನ್ನುತ್ತಿದ್ದಳು. ಅದನ್ನು ಕೈಗಾಡಿಯಲ್ಲಿ ಹಾಕಿಕೊಂಡು ಮೆಕ್ಯಾನಿಕ್ ಗೆಂಪೆಯ ಶೆಡ್ಡಿಗೆ ಹೊರಟಳು.

ಗೆಂಪೆ ಒಳ್ಳೆಯ ಮೆಕ್ಯಾನಿಕ್. ಅಗಲದಲ್ಲಿ ಮಾತ್ರ ಸ್ವಲ್ಪ ಹೆಚ್ಚು. ಅವನು ಸಮುದ್ರಕ್ಕೆ ಇಳಿದರೆ ಬಂದರಿನ ದೋಣಿಗಳು ಒಂದು ಗೇಣು ಮೇಲೇಳುತ್ತವೆ ಎಂಬ ಮಾತಿತ್ತು. ಅವನು ಮೋಟಾರು ಬಿಚ್ಚಿ ತೊಳೆದು ಮತ್ತೆ ಕಟ್ಟಿದ. ಮೂರನೆಯ ಎಳೆತಕ್ಕೆ ಅದು ಕೆಮ್ಮಿ, ಉಗಿದು, ಓಡಿತು. ಆಮೇಲೆ ಟೇಪು ಹಿಡಿದು ಅವಳ ಪುಟ್ಟ ಹುಟ್ಟುದೋಣಿಯ ಹಿಂಬದಿಯ ಹಲಗೆ ಅಳೆದು ತಲೆಯಾಡಿಸಿದ.

"ಅಕ್ಕಾ, ಕಾಲು ಉದ್ದ ಆಯ್ತು. ಐದು ಇಂಚು."

"ನಂದಲ್ಲ ತಾನೆ?"

"ನಿಮ್ದು ಯಾವತ್ತು ಉದ್ದ ಇತ್ತು? ಮೋಟಾರಿಂದು, ನೀರಿಗೆ ಇಳಿಯೋ ಕಾಲು. ಇದು ಎತ್ತರದ ದೋಣಿಗೆ ಮಾಡಿದ್ದು. ಪ್ರೊಪೆಲ್ಲರ್ ಮೇಲೆ ಈ ತಟ್ಟೆ ಇದ್ಯಲ್ಲ, ಇದು ದೋಣಿ ತಳಕ್ಕೆ ಸಮನಾಗಿರ್ಬೇಕು, ಹೆಚ್ಚೆಂದ್ರೆ ಒಂದು ಬೆರಳು ಕೆಳಗೆ. ನಿಮ್ಮ ದೋಣಿಗೆ ಹಾಕಿದ್ರೆ ಸಮುದ್ರದ ತಳ ಗುಡಿಸ್ಕೊಂಡು ಹೋಗುತ್ತೆ. ಆಕಳನಾಲಿಗೆ ಹತ್ರ ಮೊದಲ್ನೇ ಕಲ್ಲಿಗೇ ಪ್ರೊಪೆಲ್ಲರ್ ಚೂರು."

"ಹತ್ರ ಹೋದಾಗ ಎತ್ತಿ ಹಿಡಿದ್ರೆ?"

"ಎತ್ತಿದ್ರೆ ನೂಕಲ್ಲ, ಇಳಿಸಿದ್ರೆ ತಾಗುತ್ತೆ."

"ಹಂಗಾದ್ರೆ ಕತ್ತರ್ಸು."

"ಕಾಲಿನ ಮಧ್ಯದ ತುಂಡು ತೆಗೀಬಹುದು. ಆದ್ರೆ ಒಳಗಿನ ಸರಳು ಉದ್ದದ್ದೇ ಇದೆ. ಗಿಡ್ಡದ್ದು ಆಚೆ ದಡದಿಂದ ಬರ್ಬೇಕು, ಹತ್ತು ದಿನ. ಇದನ್ನೇ ಕತ್ತರಿಸಿ ಬೆಸುಗೆ ಹಾಕಿದ್ರೆ ಮದುವೆ ಮನೆಯಿಂದ ಬಂದ ನಿಮ್ಮ ಮೈದುನನ ಹಾಗೆ ತೂರಾಡುತ್ತೆ."

ಮೈದುನನ ವಿಷಯದಲ್ಲಿ ಇಸೊಯೊಗೂ ತಕರಾರಿರಲಿಲ್ಲ.

"ಕಾಲು ಗಿಡ್ಡ ಆಗ್ದಿದ್ರೆ ದೋಣಿ ಎತ್ತರ ಆಗ್ಲಿ. ನಾನು ದೇವರ ಗೂಡಿಗೆ ದೀಪ ಹಚ್ಚೋಕೆ ಮಣೆ ಹಾಕ್ಕೊಳಲ್ವಾ? ಇದಕ್ಕೂ ಒಂದು ಮಣೆ ಹಾಕು," ಎಂದಳು.

ಗೆಂಪೆ ಹಳೆಯ ಮನೆಯ ಹೊಸ್ತಿಲ ಮರ ತಂದು ಐದು ಇಂಚಿನ ದಿಮ್ಮಿ ಕೊಯ್ದ. ಹಿಂಬದಿಯ ಹಲಗೆಯ ಮೇಲೆ ಕೂರಿಸಿ, ಎರಡೂ ಕಡೆ ಪಟ್ಟಿ ಕೊಟ್ಟು ಬೋಲ್ಟು ಬಿಗಿದು, ಅದರ ಮೇಲೆ ಮೋಟಾರು ಹತ್ತಿಸಿದ. ಕೊಯ್ಲಿನ ಹಿಂದಿನ ಮಧ್ಯಾಹ್ನ ತಾನೇ ದೋಣಿ ಹತ್ತಿ ಬಂದರಿಗೆ ಒಂದು ಸುತ್ತು ಹೊಡೆದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಯಿತು. ದಡದಲ್ಲಿದ್ದವರು ಚಪ್ಪಾಳೆ ತಟ್ಟಿದರು. ಗೆಂಪೆ ಮಂತ್ರಿಯಂತೆ ಕೈ ಬೀಸಿ ಇಳಿದ.

ಇಸೊಯೊ ಹತ್ತಿದಳು. ಕೂತರೆ ಮೋಟಾರಿನ ಹಿಡಿಕೆ ಕಿವಿಗೆ ತಾಗಿತು. ಎಂದಿನಂತೆ ನಿಂತಳು. ಈಗ ಕೈ ಜೋತುಬಿದ್ದಲ್ಲೇ ಹಿಡಿಕೆ ಸಿಕ್ಕಿತು, ಭುಜ ಎತ್ತುವ ಮಾತೇ ಇಲ್ಲ. ಎಡಗೈಯಲ್ಲಿ ಹಗ್ಗ ಎಳೆದು ವೇಗ ಕೊಟ್ಟಳು. ಮೋಟಾರು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿತು. ಹಿಂದೆ ನೊರೆಯೆದ್ದಿತು. ದೋಣಿ ಮಾತ್ರ ಇದ್ದಲ್ಲೇ ಇತ್ತು.

"ಏನೋ ಇದು! ನಿನ್ನ ಮಾತು ಮಾತ್ರ ಕೇಳೋ ಮೋಟಾರಾ?"

ಗೆಂಪೆ ದಡದಲ್ಲಿ ಬಗ್ಗಿ ನೋಡಿದ. ನೊರೆಯ ನಡುವೆ ಪ್ರೊಪೆಲ್ಲರಿನ ಎಲೆಗಳು ಗಾಳಿಗೆ ಬಂದು ಮಿನುಗುತ್ತಿದ್ದವು. ಅವನ ಮುಖ ಸಣ್ಣಗಾಯಿತು. ಅಳತೆಯೆಲ್ಲ ಸರಿಯಿತ್ತು. ಆದರೆ ದೋಣಿಯನ್ನು ನೀರಿಗಿಳಿಸಿ ದಿಮ್ಮಿಯ ಎತ್ತರ ಹೊಂದಿಸುವಾಗೆಲ್ಲ ಅದರ ಹಿಂಭಾಗದಲ್ಲಿ ಅವನೇ ಕೂತಿದ್ದ. ಮೋಟಾರಿನ ಕಾಲು ಹೊಂದಿದ್ದು ದೋಣಿಗಲ್ಲ, ಗೆಂಪೆಯ ತೂಕಕ್ಕೆ. ಅವನು ಇಳಿದೊಡನೆ ಹಿಂಭಾಗ ಮೇಲೆದ್ದಿತ್ತು. ಇಸೊಯೊ ಹತ್ತಿದ್ದು ದೋಣಿಗೆ ಗೊತ್ತೇ ಆಗಿರಲಿಲ್ಲ.

"ಎರಡು ಇಂಚು ತಗ್ಗಿಸ್ಲಾ ಅಕ್ಕಾ?"

"ತಗ್ಗಿಸಿದ್ರೆ ಬಂಡೆಗೆ ತಾಗಲ್ವಾ?"

"...ತಾಗುತ್ತೆ."

"ಹಂಗಾದ್ರೆ ಮುಟ್ಬೇಡ. ಮನೆಗ್ ಹೋಗಿ ಊಟ ಮಾಡು. ನಿನ್ನನ್ನ ಕೂರಿಸ್ಕೊಂಡು ಹೋಗೋಣ ಅಂದ್ರೆ ಸೊಪ್ಪಿಗೆ ಜಾಗ ಎಲ್ಲಿರುತ್ತೆ?"

ಬಾಯಲ್ಲಿ ಹೀಗೆಂದರೂ ಮನೆಗೆ ನಡೆಯುವಾಗ ಅವಳ ಹೆಜ್ಜೆ ಭಾರವಾಗಿತ್ತು. ದಡದಲ್ಲಿ ಹಂಡೆಗಳನ್ನು ಆಗಲೇ ಸಾಲಾಗಿ ಇಟ್ಟಿದ್ದರು. ಒಂದರ ಪಕ್ಕ ಕುರ್ಚಿಯಿತ್ತು. ಮೇಲೆ ಹೂವಿನ ದಿಂಬು. ಅವಳು ಮುಖ ತಿರುಗಿಸಿದಳು.

ಬೆಳಕಿರುವಾಗಲೇ ಊಟಕ್ಕೆಂದು ಮೂಲಂಗಿ ಉಪ್ಪಿನಕಾಯಿಯ ಪೀಪಾಯಿಗೆ ಕೈ ಹಾಕಿದಳು. ಮೂಲಂಗಿ ಒತ್ತಿ ಹಿಡಿಯಲು ಮುಚ್ಚಳದ ಮೇಲಿಟ್ಟಿದ್ದ ಎರಡು ಭಾರದ ಕಲ್ಲುಗಳಲ್ಲಿ ಒಂದನ್ನು ಎಡಗೈಯಿಂದ ಬದಿಗೆ ಉರುಳಿಸಿದಳು. ಮುಚ್ಚಳದ ಆ ಕಡೆ ಉಪ್ಪುನೀರಿನಿಂದ ಮೇಲೆದ್ದಿತು. ಕಲ್ಲನ್ನು ಮತ್ತೆ ತಳ್ಳಿದಳು. ಮುಳುಗಿತು. ತೆಗೆದಳು. ಎದ್ದಿತು. ಅನ್ನ ಆರುತ್ತಿದ್ದರೂ ಅವಳು ಮಕ್ಕಳಂತೆ ಎಷ್ಟೋ ಹೊತ್ತು ಅದನ್ನೇ ಮಾಡುತ್ತಿದ್ದಳು.

ಬೆಳಿಗ್ಗೆ ಮೊದಲ ಸೈರನ್ ಕೂಗಿದಾಗ ಅವಳ ದೋಣಿಯ ಹಿಂಭಾಗದಲ್ಲಿ ಕೈಗಾಡಿಯಲ್ಲಿ ಬಂದ ಎರಡು ಉಪ್ಪಿನಕಾಯಿ ಕಲ್ಲುಗಳು ಒಂದು ನುಣುಪು ಹಲಗೆಯ ಮೇಲೆ ಕೂತಿದ್ದವು. ಹಗ್ಗವನ್ನು ಎಡಗೈಯಲ್ಲಿ ಎಳೆಯಬೇಕಾದ್ದರಿಂದ ಮೋಟಾರು ಹತ್ತನೆಯ ಸಲಕ್ಕೆ ಎದ್ದಿತು. ಅಷ್ಟರಲ್ಲಿ ಉಳಿದವರೆಲ್ಲ ಬಂದರು ದಾಟಿದ್ದರು. ಅವಳು ನಿಂತು ವೇಗ ಕೊಟ್ಟಳು. ಮೋಟಾರು ಕಿರುಚಲಿಲ್ಲ, ತೊರಾಕಿಚಿಯ ಕಾಲದಲ್ಲಿ ಗುನುಗುತ್ತಿದ್ದ ಹಾಗೆ ಗುನುಗಿತು. ದಡದಿಂದ ನೋಡುತ್ತಿದ್ದ ಗೆಂಪೆ ಎದೆಯ ಮೇಲೆ ಕೈಯಿಟ್ಟುಕೊಂಡ.

ಆಕಳನಾಲಿಗೆಯ ಹತ್ತಿರ ನೀರು ತೆಳುವಾಗಿ ತಳದ ಕಲ್ಲುಗಳು ಕಂಡವು. ಅಕ್ಕಪಕ್ಕದ ಬಂಡೆಯವರು ದೂರದಲ್ಲೇ ಮೋಟಾರು ಎತ್ತಿ, ಬಿದಿರುಗೋಲು ಊರಿ ತಳ್ಳಿಕೊಳ್ಳುತ್ತಿದ್ದರು. ಗೋಲು ಊರುವ ಭುಜ ಇಸೊಯೊಗಿರಲಿಲ್ಲ, ಹೊತ್ತೂ ಇರಲಿಲ್ಲ. ಅವಳು ಹಿಡಿಕೆ ಬಿಡದೆ ಹಲಗೆಯ ಮೇಲಿನ ಕಲ್ಲುಗಳನ್ನು ಕಾಲಿನಿಂದ ಒದ್ದಳು. ಒಂದು ಕಲ್ಲು ಮುಂದಕ್ಕೆ ಜಾರಿತು. ಇನ್ನೊಂದು ಸಲ ಒದ್ದಳು. ಎರಡನೆಯದೂ ಹೋಯಿತು. ಹಿಂಭಾಗ ಮೆಲ್ಲನೆ ಎದ್ದಿತು. ಮೋಟಾರಿನ ಕಾಲು ನೆರಿಗೆ ಎತ್ತಿ ಹಿಡಿದ ಹೆಂಗಸಿನ ಹಾಗೆ ಕಲ್ಲುಗಳ ಮೇಲಿಂದ ದಾಟಿತು, ಅಷ್ಟಿಷ್ಟು ನೀರು ಕಚ್ಚುತ್ತಲೇ ಇತ್ತು. ದೋಣಿಯ ಮೂತಿ ಬಂಡೆಗೆ ತಾಗಿ ಟಕ್ ಎಂದಿತು. ಎರಡನೆಯ ಸೈರನ್ ಕೂಗಿದಾಗ ಅವಳ ಕುಡುಗೋಲು ಎಡಗೈಯಲ್ಲಿತ್ತು.

ಸಂಘದ ದೋಣಿಯಲ್ಲಿ ಸುತ್ತುತ್ತಿದ್ದ ಹಮಾಸಾಕಿ ಬಂದು ನೋಡಿ ಟೋಪಿ ತೆಗೆದ. "ಅಜ್ಜೀ, ಕುರ್ಚಿ ಏನ್ಮಾಡ್ಲಿ?"

"ಗೆಂಪೆಗೆ ಕೊಡು. ಅದು ತಡ್ಕೊಂಡ್ರೆ ಕೂರ್ಲಿ."

ಮಧ್ಯಾಹ್ನದ ಹೊತ್ತಿಗೆ, ಐದು ಇಂಚಿನ ದಿಮ್ಮಿಯನ್ನು ತಾನು ಬೇಕೆಂದೇ ಹಾಗೆ ಕೂರಿಸಿದ್ದು ಎಂದು ಗೆಂಪೆ ಬಂದರಿನ ತುಂಬ ಹೇಳಿಕೊಂಡು ಬಂದ. ಇಸೊಯೊ ಅಲ್ಲಗಳೆಯಲಿಲ್ಲ. ಸಂಜೆ ಅವನಿಗೆ ಒಂದು ಬಟ್ಟಲು ಮೂಲಂಗಿ ಉಪ್ಪಿನಕಾಯಿ ತಂದುಕೊಟ್ಟಳು.

ಅವನು ಒಂದು ಹೋಳು ಬಾಯಿಗೆ ಹಾಕಿಕೊಂಡ. "ಚೆನ್ನಾಗಿದೆ ಅಕ್ಕಾ."

"ಇದನ್ನ ಉಳಿಸ್ಕೊಂಡು ಸ್ವಲ್ಪ ಸ್ವಲ್ಪವೇ ತಿನ್ನು. ಇನ್ಮೇಲೆ ಮಾಡೋದು ಇಷ್ಟು ಚೆನ್ನಾಗಿರಲ್ಲ."

"ಯಾಕೆ?"

"ಒತ್ತೋಕೆ ಕಲ್ಲಿಲ್ಲ. ಎರಡೂ ಕೆಲಸಕ್ಕೆ ಸೇರ್ಕೊಂಡಿವೆ," ಎಂದು ಇಸೊಯೊ ದೋಣಿಯ ಕಡೆ ಗದ್ದ ಎತ್ತಿ ತೋರಿಸಿದಳು.