ದೋ ಸೌ ಸತ್ರಾ ನಂಬರಿನ ಬಂದೂಕು

ಬೀದರ ಕೋಟೆಯ ಸಿಲೆಖಾನೆಯ ಚರಿತ್ರೆ ಬರೆದುಕೊಡಿ ಎಂದು ಊರಿನ ಇಬ್ಬರು ಮಾಸ್ತರರು ನನ್ನ ಮನೆಗೆ ಬಂದಿದ್ದರು. ಆ ಶಸ್ತ್ರಾಗಾರದಲ್ಲಿ ಚಾಕರಿ ಮಾಡಿದವರಲ್ಲಿ ಈಗ ಬದುಕಿರುವವನು ನಾನೊಬ್ಬನೇ. ತೋಪುಗಳ ಬಗ್ಗೆ, ಜವಾನರ ಶೌರ್ಯದ ಬಗ್ಗೆ ನಾಲ್ಕು ಒಳ್ಳೆಯ ಮಾತು ಸಾಕು ಎಂದರು. ನಾನು ಬರೆಯಬೇಕೆಂದಿರುವುದು ಏನು ಎಂದು ಹೇಳಿದಾಗ ಹಿರಿಯ ಮಾಸ್ತರರು ಕನ್ನಡಕ ತೆಗೆದು ಒರೆಸತೊಡಗಿದರು. "ಅದೊಂದು ಬಿಡ್ರಿ ಅಜ್ಜಾರ. ಊರಿನ ಮಾನದ ಪ್ರಶ್ನಿ ಅದ" ಎಂದರು. ನನ್ನ ಮಗನೂ ಅದನ್ನೇ ಹೇಳಿದ. ನಾನು ಬಿಡುವುದಿಲ್ಲ. ಊರಿನ ಮಾನ ಕಾಯುತ್ತೇನೆಂದು ಒಂದು ಸಲ ಸುಳ್ಳು ಹೇಳಿ ನೋಡಿದ್ದೇನೆ, ಸಾಕು.

ನಾನು ಉರ್ದು ಹೈಸ್ಕೂಲು ಮುಗಿಸಿ ಸಿಲೆಖಾನೆಗೆ ಮುನಶಿಯಾಗಿ ಸೇರಿದವನು. ನಿಜಾಮರ ಕಾಲ. ನಮ್ಮ ಕೈಕೆಳಗಿನ ಜವಾನರು ಕಾಯಂ ಫೌಜಿನವರಲ್ಲ, ಮೀಸಲು ಪಡೆಯವರು. ಹೊಲ ಮನೆ ನೋಡಿಕೊಂಡಿದ್ದು, ಕರೆ ಬಂದಾಗ ಬಂದೂಕು ಹೆಗಲಿಗೇರಿಸಿ ಖಜಾನೆಯ ಬಂಡಿಗೋ ಉರುಸಿನ ಬಂದೋಬಸ್ತಿಗೋ ಹೋಗುವವರು. ಬೀದರ, ಭಾಲ್ಕಿ, ಔರಾದ ಹೀಗೆ ಮೂರು ತುಕಡಿ. ಜಾಗ ವಂಶಪಾರಂಪರ್ಯದ್ದು: ತಂದೆಯ ನಂತರ ಮಗ, ತಂದೆಯ ಬಂದೂಕೇ ಮಗನಿಗೆ. ನಳಿಗೆಯ ಮೇಲೆ ಕೊರೆದ ನಂಬರು ಆ ಮನೆಯ ಹೆಸರಿದ್ದಂತೆ. ವರ್ಷಕ್ಕೊಮ್ಮೆ ತಪಾಸಣೆಗೆ ಹೈದರಾಬಾದಿನಿಂದ ಸಾಹೇಬರು ಬಂದಾಗ ಜವಾನನು ಬಂದೂಕು ಮುಂದೆ ಚಾಚಿ, ನಂಬರು ಕೂಗಿ, ತಂದೆಯ ಹೆಸರು ಕೂಗಬೇಕು. ನನ್ನ ಕೈಯಲ್ಲಿನ ಪಟ್ಟಿಗೂ ಅವನ ಬಾಯಿಗೂ ನಳಿಗೆಗೂ ತಾಳೆ ಬಿದ್ದರೆ ಜಾಗ ಗಟ್ಟಿ. ತನ್ನ ಬಂದೂಕಿನ ನಂಬರು ತಿಳಿಯದವನಿಗೆ ಪಡೆಯಲ್ಲಿ ಜಾಗವಿಲ್ಲ.

ಬಂದೂಕುಗಳೋ, ತಾತನ ಕಾಲದವು. ಭಾಲ್ಕಿ, ಔರಾದಗಳಲ್ಲಿ ಬಹುಪಾಲು ಕೆಟ್ಟುಹೋಗಿದ್ದವು. ಹೊಸವು ಬೇಕೆಂದು ಬರೆದ ಅರ್ಜಿಗಳಿಗೆ ಉತ್ತರ ಬರುತ್ತಿರಲಿಲ್ಲ. ನೆಟ್ಟಗಿನ ಬಂದೂಕಿಲ್ಲದ ತುಕಡಿಯನ್ನು ರದ್ದು ಮಾಡಬೇಕೆಂಬ ಕಾಯ್ದೆ ಮಾತ್ರ ತಪ್ಪದೆ ಬಂದಿತ್ತು. ಆದ್ದರಿಂದ ಸಿಲೆಖಾನೆಯ ಮೇಲಧಿಕಾರಿ, ನಮ್ಮ ದಾರೋಗಾ, ಒಂದು ಪದ್ಧತಿ ಮಾಡಿದ್ದರು. ಬೀದರದಲ್ಲಿ ತಪಾಸಣೆ ಮುಗಿದ ಕೂಡಲೇ ಅಲ್ಲಿನ ಒಳ್ಳೆಯ ಬಂದೂಕುಗಳನ್ನು ಬಂಡಿಯಲ್ಲಿ ಹಾಕಿ, ಮೇಲೆ ಜೋಳದ ಕಣಿಕೆ ಹೊದಿಸಿ ಭಾಲ್ಕಿಗೆ ಸಾಗಿಸುವುದು. ತಪಾಸಣೆಯ ಸಾಹೇಬರಿಗೆ ಬೀದರದಲ್ಲಿ ಎರಡು ದಿನ ಔತಣ. ಭಾಲ್ಕಿ ಮುಗಿಯಿತೋ, ಅಲ್ಲಿಯೂ ಔತಣ. ಅಷ್ಟರಲ್ಲಿ ಬಂಡಿ ಮಾಂಜ್ರಾ ದಾಟಿ ಔರಾದ ಸೇರುತ್ತಿತ್ತು. ಮೂರೂ ಊರಿನ ಪಟ್ಟಿಯಲ್ಲಿ ಅವೇ ನಂಬರುಗಳು, ಮೂರೂ ನನ್ನ ಕೈಬರಹ. ಸಾಹೇಬರು ಒಂದೊಂದು ಊರಿನಲ್ಲಿ ಒಂದೊಂದೇ ಪಟ್ಟಿ ನೋಡುವರು. ಹಿಂದಿನ ದಿನ ನಾನು ಜವಾನರನ್ನು ಸಾಲಾಗಿ ಕೂರಿಸಿ, ಬಂಡಿಯ ಬಂದೂಕುಗಳ ನಂಬರನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸುತ್ತಿದ್ದೆ.

"ಬರಾತ್ ಬಂತೇನ್ರಿ ಮುನಶಿಜಿ?" ಎಂದು ಭಾಲ್ಕಿಯ ಜವಾನರು ಬಂಡಿ ಕಂಡೊಡನೆ, ಮದುವೆ ದಿಬ್ಬಣ ಬಂದಂತೆ, ನಗುತ್ತಿದ್ದರು. "ಮದಲಿಂಗ ಒಬ್ಬನೇ, ಮೂರು ಮದಿವಿ!"

ಇದಕ್ಕಾಗಿ ನಾನು ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ. ಹೈದರಾಬಾದಿನಲ್ಲಿ ಕುಳಿತವರು ಬಂದೂಕು ಕೊಡದೆ ಬಂದೂಕು ತೋರಿಸು ಎಂದರು, ನಾವು ತೋರಿಸಿದೆವು. ಎರಡು ಊರಿನ ಒಲೆಗಳು ಅದರಿಂದ ಉರಿದವು. ಮತ್ತೆ ಆ ಕಾಲ ಬಂದರೆ ಮತ್ತೆ ಬಂಡಿ ಕಟ್ಟುತ್ತೇನೆ. ನನ್ನ ಪಾಪ ಬೇರೆ ಇದೆ.

ಔರಾದ ತುಕಡಿಯಲ್ಲಿ ಒಬ್ಬ ಹಿರಿಯ ಜವಾನನಿದ್ದ. ಪಠಾಣರ ಮನೆತನ, ಆದರೆ ನಾಲ್ಕು ತಲೆಮಾರಿನಿಂದ ಔರಾದದವರೇ, ನಮ್ಮಂತೆಯೇ ಕನ್ನಡ ಆಡುವವರು. ಎಲ್ಲರಂತೆ ನಾನೂ ಚಾಚಾ ಎನ್ನುತ್ತಿದ್ದೆ. ಜೋಳದ ಹೊಲಕ್ಕೆ ನುಗ್ಗಿದ ಹಂದಿಗಳನ್ನು ಬೆದರಿಸಲು ಗುಂಡು ಹಾರಿಸಿದಾಗ, ಆವರೆಗೆ ನೆಟ್ಟಗಿದ್ದ ಅವನ ಬಂದೂಕಿನ ನಳಿಗೆ ಒಡೆದು, ಎಡಗೈಯ ಎರಡು ಬೆರಳು ಹೋದವು. ಒಡೆದ ಬಂದೂಕನ್ನು ಸಿಲೆಖಾನೆಗೆ ಜಮಾ ಮಾಡಿದರೆ ಜವಾನನ ಮೇಲೆ ತಪ್ಪಿರುವುದಿಲ್ಲ. ಅವನು ಜಮಾ ಮಾಡುತ್ತೇನೆಂದು ಹೇಳಿಕಳಿಸಿದ. ಬೇಡ, ಮನೆಯಲ್ಲೇ ಇಟ್ಟುಕೋ ಎಂದು ತಡೆದವನು ನಾನು. ಜಮಾ ಆದರೆ ಕಡತದಲ್ಲಿ ಅದರ ನಂಬರು ಏಳುತ್ತದೆ, ಹಾಗಾದರೆ ಅವನ ಕೈಯಲ್ಲಿರುವುದು ಯಾರ ಬಂದೂಕು ಎಂಬ ಪ್ರಶ್ನೆ ಬಂದು ನನ್ನ ಪಟ್ಟಿಗಳು ಬೀಳುತ್ತವೆ.

ಆ ವರ್ಷದ ತಪಾಸಣೆಗೆ ಅವನ ಕೈಗೂ ಬಂಡಿಯ ಬಂದೂಕೊಂದನ್ನು ಕೊಟ್ಟೆ, ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಅದರ ನಂಬರು ಬರೆದೆ. ಹೊಸ ನಂಬರು ಅವನಿಗೆ ಹತ್ತು ಸಲ ಹೇಳಿಕೊಟ್ಟೆ, ಹತ್ತು ಸಲವೂ ಸರಿಯಾಗಿ ಒಪ್ಪಿಸಿದ. ಮರುದಿನ ಔರಾದದ ಬಯಲಿನಲ್ಲಿ ಅವನ ಸರದಿ ಬಂತು. ಮೂರು ಬೆರಳಿನ ಎಡಗೈಯಲ್ಲಿ ನಳಿಗೆ ಹಿಡಿದು, ಎದೆ ಸೆಟೆಸಿ, ನಲವತ್ತು ವರ್ಷ ಕೂಗಿದ ಹಾಗೆಯೇ ಕೂಗಿದ: "ದೋ ಸೌ ಸತ್ರಾ!" ಇನ್ನೂರ ಹದಿನೇಳು, ಅವನ ಒಡೆದ ಬಂದೂಕಿನ ನಂಬರು. ಹಿಂದೆಯೇ ತಂದೆಯ ಹೆಸರು. ತಂದೆಯ ಹೆಸರಿನ ಮುಂದೆ ಬೇರೆ ನಂಬರು ಅವನ ಬಾಯಿಂದ ಬರಲಿಲ್ಲ, ಅಷ್ಟೆ.

ಸಾಹೇಬರು ನಳಿಗೆ ನೋಡಿದರು, ಪಟ್ಟಿ ನೋಡಿದರು. ಎರಡರಲ್ಲೂ ಬೇರೆಯೇ ನಂಬರು. ಸರಿಯಾಗಿ ಹೇಳು ಎಂದು ಉರ್ದುವಿನಲ್ಲಿ ಗದರಿದರು. ಅವನು ಕೈಯಲ್ಲಿದ್ದುದನ್ನು ಒಮ್ಮೆ ನೋಡಿ, ನನ್ನ ಬಂದೂಕು ದೋ ಸೌ ಸತ್ರಾನೇ, ಇದು ನಮ್ಮ ಮನೆಯದಲ್ಲ ಎಂದ. ಯಾರ ಮೇಲೂ ದೂರು ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟ.

ಸಾಹೇಬರು ನನ್ನ ಕಡೆ ತಿರುಗಿದರು. ನಮ್ಮ ಪಡೆಯಲ್ಲಿ ತಕರಾರು ಬಂದರೆ ಅವರವರ ದೇವರ ಮೇಲೆ ಆಣೆ ಮಾಡಿಸುವುದು ರೂಢಿ. ಮುಸಲ್ಮಾನರು ಕುರಾನಿನ ಮೇಲೆ, ನಾವು ಲಿಂಗವಂತರು ಕೊರಳಿನ ಲಿಂಗ ಮುಟ್ಟಿ. ಪಟ್ಟಿ ಖರೆಯೋ ಎಂದು ಕೇಳಿದರು. ದಾರೋಗಾ ನೆಲ ನೋಡುತ್ತಿದ್ದರು. ಆಗ ನಾನು ಮಾಡಿದ್ದನ್ನು ಎರಡು ತುಕಡಿಗಳ ಚಿಂತೆಯಿಂದ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ನನ್ನ ನೌಕರಿಯ ಚಿಂತೆ ಅದು. ಅಂಗಿಯೊಳಗೆ ಕೈ ಹಾಕಿ, ಲಿಂಗದ ಕರಡಿಗೆ ಹಿಡಿದು, ಪಟ್ಟಿ ಖರೆ ಎಂದೆ.

ಸಾಹೇಬರು ಕುರಾನು ತರಿಸಲು ಹೇಳಿದರು. ಚಾಚಾ ಕೈ ಎತ್ತಿ ತಡೆದ.

"ಬ್ಯಾಡ್ರಿ ಸಾಬ್. ಮುನಶಿಜಿ ಲಿಂಗ ಮುಟ್ಯಾರ. ಇನ್ನ ನಾ ಕುರಾನ್ ಮುಟ್ಟಿದ್ರ ಇಬ್ಬರೊಳಗ ಒಬ್ಬರ ದೇವರು ಸುಳ್ಳಾಗ್ತಾನ."

ಒಡೆದ ಬಂದೂಕು ಅವನ ಮನೆಯಲ್ಲಿತ್ತು, ಬಯಲಿನಿಂದ ನೂರು ಹೆಜ್ಜೆ. ತಂದು ತೋರಿಸಿದ್ದರೆ ನಾನು ಅಲ್ಲೇ ಮುಗಿಯುತ್ತಿದ್ದೆ. ಅವನು ತರಲಿಲ್ಲ. ತನ್ನ ಬಂದೂಕಿನ ನಂಬರು ತಿಳಿಯದವನು, ಸರಕಾರಿ ಪಟ್ಟಿಯನ್ನು ಸುಳ್ಳೆಂದವನು ಎಂದು ಬರೆದು ಅವನ ಹೆಸರು ಹೊಡೆದುಹಾಕಿದರು. ಬರೆದ ಕೈ ನನ್ನದೇ. ನಾಲ್ಕು ತಲೆಮಾರಿನ ಜಾಗ ಅಂದು ಹೋಯಿತು.

ಮಳೆಗಾಲಕ್ಕೆ ಮುಂಚೆ ಅವನು ಸಿಲೆಖಾನೆಗೆ ಬಂದ. ಔರಾದದಿಂದ ನಡೆದೇ ಬಂದಿದ್ದ. ಹಳೆಯ ಧೋತರದಲ್ಲಿ ಸುತ್ತಿದ ಒಡೆದ ಬಂದೂಕನ್ನು ನನ್ನ ಮುಂದಿಟ್ಟ.

"ಸರಕಾರದ ಮಾಲು ನನ್ನ ಮನ್ಯಾಗ ಯಾಕ? ಜಮಾ ಮಾಡ್ಕೋರಿ. ಜಾಗ ಕೇಳ್ಲಾಕ ಬಂದಿಲ್ಲ. ದೋ ಸೌ ಸತ್ರಾ ಬಂತು ಅಂತ ಒಂದು ಚೀಟಿ ಬರ್ದು ಕೊಡ್ರಿ. ಅಪ್ಪನ ಬಂದೂಕು ಮಾರಿ ತಿಂದಾನ ಅಂತ ಊರಾಗ ಆಡ್ಲತ್ತಾರ."

ಇಟ್ಟು ಹೋಗು ಚಾಚಾ, ಆಮೇಲೆ ಬರೆಯುತ್ತೇನೆ ಎಂದೆ. ಅವನು ನನ್ನ ಮುಖ ನೋಡಿದ, ನನ್ನ ಕೊರಳು ನೋಡಿದ. "ಆಗ್ಲಿ, ಕೊರಳಾಗಿನ ಲಿಂಗಪ್ಪ ನೋಡ್ಲತ್ತಾನ" ಎಂದು ಹೊರಟುಹೋದ. ನಾನು ಬಂದೂಕನ್ನು ತುಕ್ಕು ಹಿಡಿದ ತೋಪಿನ ಗುಂಡುಗಳ ಹಿಂದೆ ತುರುಕಿದೆ. ಚೀಟಿ ಬರೆಯಲಿಲ್ಲ. ಅವನು ಮತ್ತೆ ಬರಲಿಲ್ಲ. ಎರಡು ವರ್ಷದ ಮೇಲೆ ತೀರಿಕೊಂಡನೆಂದು ಬಂಡಿಯವನು ಹೇಳಿದ.

ನಿಜಾಮರ ರಾಜ್ಯ ಮುಗಿದ ಮೇಲೆ ಸಿಲೆಖಾನೆ ಖಾಲಿ ಮಾಡಿದರು. ಗುಜರಿಯೊಂದಿಗೆ ಆ ಒಡೆದ ಬಂದೂಕೂ ಹೋಯಿತು. ನಾನು ದಿನವೂ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುತ್ತೇನೆ. ಬೆರಳು ಐದೂ ನೆಟ್ಟಗಿವೆ. ಅಷ್ಟನ್ನು ದಿನವೂ ನೋಡಬೇಕಾಗುತ್ತದೆ.

ಮಾಸ್ತರರು ಇದನ್ನು ಅಚ್ಚು ಹಾಕಿಸದಿದ್ದರೆ ನಾನೇ ನಾಲ್ಕು ಪ್ರತಿ ಬರೆದು, ಒಂದನ್ನು ಔರಾದದ ಆ ಮನೆಗೆ ಕೊಂಡೊಯ್ಯುತ್ತೇನೆ. ಬಾಗಿಲು ಹಾಕಿಕೊಂಡರೆ ಕಟ್ಟೆಯ ಮೇಲಿಟ್ಟು ಬರುತ್ತೇನೆ. ಸಿಲೆಖಾನೆಯ ಚರಿತ್ರೆಯಲ್ಲಿ ಏನಿದ್ದರೂ ಇಲ್ಲದಿದ್ದರೂ ಈ ಚೀಟಿ ಇರತಕ್ಕದ್ದು:

ನಂಬರು ದೋ ಸೌ ಸತ್ರಾ. ಔರಾದ ತುಕಡಿ. ನಳಿಗೆ ಒಡೆದಿದೆ. ಜವಾನನು ತಾನೇ ನಡೆದು ತಂದು ಒಪ್ಪಿಸಿದ್ದಾನೆ. ಜಮಾ ಆಯಿತು. ಪಟ್ಟಿ ಸುಳ್ಳು.