ಝಗಮಗ ಹೊಲಿದ ಕೋಟು

ನನ್ನ ಅಕ್ಕನ ಮಗಳಿಗೆ ಮನೆಯಲ್ಲಿ ಝಗಮಗ ಎಂದೇ ಹೆಸರು. ಇಟ್ಟವಳು ನಾನು. ತರಕಾರಿ ತರಲು ಹೊರಟರೂ ಮೂರು ಸಲ ಬಟ್ಟೆ ಬದಲಾಯಿಸುವ ಹುಡುಗಿಗೆ ಇನ್ನೇನು ಹೆಸರಿಡಬೇಕು? ಸಿನಿಮಾ ನೋಡಿ ಬಂದರೆ ಕಥೆ ಕೇಳುವಂತಿಲ್ಲ. "ಕೊನೇಲಿ ಏನಾಯ್ತೇ?" ಎಂದರೆ, "ಹೀರೋ ಸತ್ತೋದ. ಆದ್ರೆ ಚಿಕ್ಕಮ್ಮ, ಸಾಯೋವಾಗ ಹಾಕಿದ್ದ ಕೋಟಿನ ಕಾಲರ್ ನೋಡ್ಬೇಕಿತ್ತು ನೀನು!" ಎನ್ನುತ್ತಾಳೆ. ಹಾಡಿನ ಹುಚ್ಚಂತೂ ಹೇಳತೀರದು. ಊರಿನಲ್ಲಿ ಎಲ್ಲೇ ಬ್ಯಾಂಡ್ ಹಾಡಲಿ, ಇವಳು ವೇದಿಕೆಯ ಮುಂದಿನ ಕಂಬಿಗೆ ಒರಗಿ ನಿಂತಿರುತ್ತಾಳೆ.

ಅವಳಿಗೆ ಕೋಟು ಹೊಲಿಯುವ ಅಂಗಡಿಯಲ್ಲಿ ಕೆಲಸ. ಮಹಡಿಯ ಮೇಲೊಂದು ಇಕ್ಕಟ್ಟಿನ ಕೋಣೆ, ಎರಡು ಮಿಷನ್, ಇಸ್ತ್ರಿ ಮೇಜು, ಆಳೆತ್ತರದ ಕನ್ನಡಿ. ಟ್ರಯಲ್‌ಗೆ ಮೊದಲು ತೋಳುಗಳನ್ನು ಕೈಯಲ್ಲೇ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಹಿಡಿಸುತ್ತಾರೆ. ಅಳತೆ ಸರಿಹೋದ ಮೇಲೆ ಮಿಷನ್ನಿನಲ್ಲಿ ಗಟ್ಟಿ ಹೊಲಿಗೆ ಹಾಕಿ ಕಚ್ಚಾ ದಾರವನ್ನು ಕಿತ್ತುಬಿಡುತ್ತಾರೆ. ಕಪ್ಪು ಬಟ್ಟೆಗೆ ಕಚ್ಚಾ ಹೊಲಿಗೆ ಬಿಳಿ ದಾರದ್ದೇ ಆಗಬೇಕು. ಬಿಳಿ ಕಂಡರೆ ಕೆಲಸ ಬಾಕಿ ಎಂದು ಲೆಕ್ಕ. ಇದು ಅಂಗಡಿಯ ಮಾಸ್ಟರ್ ಕಟ್ಟಪ್ಪಣೆ.

ಒಂದು ದಿನ ಅವಳ ಮೆಚ್ಚಿನ ಬ್ಯಾಂಡಿನ ಗಾಯಕನೇ ಕಪ್ಪು ಕೋಟು ಹೊಲಿಸಲು ಬಂದ. "ಇದು ಸ್ಟೇಜ್ ಮೇಲೆ ಚೆನ್ನಾಗಿ ಕಂಡ್ರೆ, ಮುಂದೆ ನಾವು ಮಾಡೋ ಸಿನಿಮಾದ ಬಟ್ಟೆಗೆಲ್ಲ ನಿನ್ನನ್ನೇ ಕರೀತೀನಿ," ಎಂದ. ಅಷ್ಟು ಸಾಕಾಯಿತು. ನಮ್ಮ ಹುಡುಗಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಟ್ರಯಲ್ ದಿನ ಅವನು ಕನ್ನಡಿಯಲ್ಲಿ ತನ್ನ ಮೇಲೆ ಬಿಳಿ ದಾರದ ಗೀಟು ನೋಡುವುದೇ? ಛೆ! ಮಾಸ್ಟರ್ ಕಣ್ಣು ತಪ್ಪಿಸಿ ಕಪ್ಪು ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿದಳು. ಗಾಯಕ ಖುಷಿಪಟ್ಟ.

ಆಮೇಲೆ ಬಲತೋಳಿಗೆ ಮಿಷನ್ ಹೊಲಿಗೆ ಹಾಕಿದಳು. ಎಡದ್ದಕ್ಕೆ ಕೈಹಾಕುವಷ್ಟರಲ್ಲಿ ಗಿರಾಕಿಯೊಬ್ಬರು ಬಂದರು. ಅವರನ್ನು ಕಳಿಸಿ ಬಂದು ಕೋಟನ್ನು ಬೆಳಕಿಗೆ ಹಿಡಿದಳು. ಎಲ್ಲೂ ಬಿಳಿ ಕಾಣಲಿಲ್ಲ. ಬಿಳಿಯನ್ನೇ ಹುಡುಕಿ ಪಳಗಿದ ಕಣ್ಣು, ಕೆಲಸ ಮುಗಿಯಿತು ಎಂದಿತು. ಕೋಟು ಇಸ್ತ್ರಿಯಾಗಿ ಹೋಯಿತು.

ಕಾರ್ಯಕ್ರಮದ ಸಂಜೆ ನನ್ನನ್ನೂ ಮೈದಾನಕ್ಕೆ ಎಳೆದುಕೊಂಡು ಹೋದಳು. ಗಾಯಕ ಕೋಟು ತೊಟ್ಟು ಬಂದಾಗ ನನ್ನ ತೋಳು ಚಿವುಟಿ, "ನೋಡು, ಭುಜ ಹೇಗೆ ಕೂತಿದೆ!" ಎಂದಳು. ಎರಡನೆಯ ಹಾಡಿನ ನಡುವೆ ಅವಳ ಮುಖ ಬಿಳಿಚಿಕೊಂಡಿತು. ಎಡಭುಜದ ಬಳಿ ಬಟ್ಟೆ ಬಾಯಿಬಿಡುತ್ತಿತ್ತು.

"ಅದು ಬರೀ ಕಚ್ಚಾ ಹೊಲಿಗೆ, ಚಿಕ್ಕಮ್ಮ."

"ಸುಮ್ನಿರೇ. ಕೈ ಎತ್ತದಿದ್ರೆ ಏನೂ ಆಗಲ್ಲ."

"ಮುಂದಿನ ಹಾಡಲ್ಲಿ ಎತ್ತುತ್ತಾನೆ. ಯಾವಾಗ್ಲೂ ಎಡಗೈನೇ."

ಹತ್ತಾರು ಸಲ ನೋಡಿದವಳು, ಅವಳಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? ಜನರ ನಡುವೆ ನುಗ್ಗಿ ಕಂಬಿಯ ತನಕ ಹೋದಳು. ಹಿಂದೆಯೇ ನಾನು. ಅಲ್ಲಿ ಕಾವಲಿಗೆ ನಿಂತಿದ್ದ ದಾಂಡಿಗನಿಗೆ, "ಅಣ್ಣ, ಒಂದ್ನಿಮಿಷ ಒಳಗೆ ಬಿಡಿ. ಆ ಕೋಟು ನಾನೇ ಹೊಲ್ದಿದ್ದು!" ಎಂದಳು.

"ಹೌದಾ? ಆ ಹಾಡು ನಾನೇ ಬರ್ದಿದ್ದು. ಹಿಂದೆ ಹೋಗಮ್ಮ."

ಅವಳು ಎರಡೂ ಕೈ ಬೀಸಿ, ಭುಜ ತೋರಿಸಿ, ಬೇಡ ಬೇಡ ಎಂದು ಸನ್ನೆ ಮಾಡಿದಳು. ಸುತ್ತ ಸಾವಿರ ಕೈಗಳು ಬೀಸುತ್ತಿದ್ದವು. ಗಾಯಕ ಇವಳನ್ನು ಕಂಡ, ಗುರುತೂ ಹಿಡಿದ. ನಕ್ಕು, ಬಲಗೈ ಬೀಸಿದ. ನನಗೆ ಅಳು ಬಂತು.

ಮುಂದಿನ ಹಾಡು ಶುರುವಾಯಿತು. ಪಲ್ಲವಿ ಏರಿದಾಗ ಎಡಗೈ ಮೇಲೆದ್ದಿತು. ಕೋಟಿನ ತೋಳು ಭುಜದಿಂದ ಬಿಚ್ಚಿ ಮೊಣಕೈಗೆ ಜಾರಿತು. ಮೈದಾನವೆಲ್ಲ ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ. ತೋಳನ್ನು ಎಳೆದು ತೆಗೆದು ಮೇಲೆ ಹಿಡಿದು ಮೈಕಿನಲ್ಲಿ ಕೂಗಿದ: "ಇದನ್ನ ಹೊಲ್ದ ಟೈಲರ್‌ಗೆ ಒಂದು ಜೋರು ಚಪ್ಪಾಳೆ!"

ಎಲ್ಲರೂ ತಟ್ಟಿದರು, ಸಿಳ್ಳೆ ಹೊಡೆದರು. ವೇದಿಕೆಯ ಮೇಲಿಟ್ಟ ಕಣ್ಣು ಕೀಳದೆ, ಎಲ್ಲರ ಜೊತೆ ಅವಳೂ ಚಪ್ಪಾಳೆ ತಟ್ಟುತ್ತಿದ್ದಳು. ಆ ಕೈಗಳನ್ನು ಹಿಡಿದು ನಿಲ್ಲಿಸಲು ನನ್ನಿಂದಾಗಲಿಲ್ಲ.